ಹುದ್ದೆ ತುಂಬಿದೆ, ಕನ್ನಡ ಕಲಿಸುವವರಿಲ್ಲ



ಚಿಂಚೋಳಿ ಎಂದೊಡನೆ ನಿಮಗೆ ಕಲಬುರಗಿ ಜಿಲ್ಲೆಯ ಊರು ನೆನಪಾಗಬಹುದು. ನಾನು ಹೇಳುತ್ತಿರುವುದು ಸೊಲ್ಲಾಪುರದಿಂದ ಪುಣೆಗೆ ಹೋಗುವ ಹೆದ್ದಾರಿಯ ಮೇಲಿನ ಚಿಂಚೋಳಿ ಎಂಐಡಿಸಿಯ ಮಾತು. ಅಲ್ಲಿಯ ಕಾರಖಾನೆಗಳಿಗೆ ಪಾಳಿಯ ಮೇಲೆ ಹೋಗುವ ಕನ್ನಡ ಪಾಲಕರು ನಮ್ಮಂಥ ಶಿಕ್ಷಕರನ್ನು ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು: "ಗುರೂಜಿ, ಗೇಟಿನ್ಯಾಗ ಮರಾಠಿ, ಆಫೀಸಿನ್ಯಾಗ ಇಂಗ್ಲಿಷ್. ನಮ್ಮ ಹುಡುಗಗ ಕನ್ನಡ ಸಾಲಿ ಯಾಕ ಬೇಕ್ರಿ?"

ಇದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. ಕನ್ನಡ ಶಾಲೆಯ ಮಗು ಮರಾಠಿಯನ್ನೂ ಕಲಿಯುತ್ತದೆ, ಇಂಗ್ಲಿಷನ್ನೂ ಕಲಿಯುತ್ತದೆ. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ನಾವದನ್ನು ವಿರೋಧಿಸಿದವರಲ್ಲ. ಮರಾಠಿ ನಮ್ಮ ನೆರೆಮನೆಯ ಭಾಷೆ. ಆದರೆ ಕೂಡುವ ಕಳೆಯುವ ಲೆಕ್ಕ ಮಗುವಿಗೆ ಮೊದಲು ತಿಳಿಯುವುದು ತಾಯಿ ಆಡುವ ಮಾತಿನಲ್ಲಿ. ಒಂದು ಭಾಷೆಯಲ್ಲಿ ಗಟ್ಟಿಯಾದ ಮಗು ಉಳಿದೆರಡನ್ನೂ ಕಲಿಯಬಲ್ಲದು.

ಎರಡನೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ: "ಆತ್ರಿ, ಕನ್ನಡ ಕಲಸೋ ಮಾಸ್ತರ ಎಲ್ಲಿ ಅದಾರ?"

ಓದುಗರೇ, ಕಾನೂನು ಏನನ್ನುತ್ತದೆ ನೋಡಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಸೇರಿಸಿದ ಈ ವಿಧಿ ರಾಜ್ಯ ಸರಕಾರದ ಜೊತೆಗೆ ಸ್ಥಳೀಯ ಸಂಸ್ಥೆಗಳನ್ನೂ ಹೆಸರಿಸಿದೆ. ಎಂದರೆ ನಮ್ಮ ಜಿಲ್ಲಾ ಪರಿಷತ್ತಿಗೂ ಅದು ಅನ್ವಯಿಸುತ್ತದೆ. ಅದಕ್ಕೂ ಮುಂಚೆ, 1949ರಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕೆಂದು ಒಪ್ಪಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತಾಗಿದೆ ನಮ್ಮ ಪಾಡು.

ಇನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ. 1ರಿಂದ 5ನೆಯ ತರಗತಿಯವರೆಗೆ 60 ಮಕ್ಕಳೊಳಗಿನ ಶಾಲೆಗೂ ಇಬ್ಬರು ಶಿಕ್ಷಕರು ಬೇಕೆನ್ನುತ್ತದೆ ಅದರ ಅನುಸೂಚಿ. ಯಾವ ಶಾಲೆಯಲ್ಲೂ ಮಂಜೂರಾದ ಹುದ್ದೆಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಖಾಲಿ ಇರಬಾರದೆನ್ನುತ್ತದೆ ಅದರ 26ನೆಯ ಕಲಮು. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಒಬ್ಬರು ನಿವೃತ್ತರಾದರೆ ಖಾಲಿ ಶೇಕಡಾ 50. ಅಂದರೆ ಚಿಕ್ಕ ಶಾಲೆಯಲ್ಲಿ ಒಂದೇ ಒಂದು ಹುದ್ದೆ ಖಾಲಿ ಉಳಿದರೂ ಕಾಯ್ದೆ ಮುರಿದಂತೆಯೇ.

ಈ ಇಕ್ಕಟ್ಟಿನಿಂದ ಪಾರಾಗಲು ಆಡಳಿತಕ್ಕೊಂದು ಸುಲಭದ ದಾರಿಯಿದೆ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಶಾಲೆಗೆ ಕಳಿಸುವುದು! ಕಾಗದದ ಮೇಲೆ ಖಾಲಿ ಹುದ್ದೆ ಸೊನ್ನೆಯಾಗುತ್ತದೆ. ಮಕ್ಕಳಿಗೆ ಪಾಠ ಮಾತ್ರ ತಿಳಿಯುವುದಿಲ್ಲ. 2024ರಲ್ಲಿ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರನ್ನು ನೇಮಿಸಿದಾಗ ಗಡಿಯ ಎರಡೂ ಕಡೆ ಕೂಗೆದ್ದಿತು. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಲಯಾಳಿ ಶಿಕ್ಷಕರ ನೇಮಕದ ವಿರುದ್ಧ ಪಾಲಕರು ಹೋರಾಡಿದ್ದು ಒಂದೆರಡು ಸಲವಲ್ಲ. ಹೀಗೆ ಬಂದ ಶಿಕ್ಷಕರ ಮೇಲೆ ನಮಗೆ ಸಿಟ್ಟಿಲ್ಲ. ಆದೇಶ ಹಿಡಿದು ಬಂದ ಆ ಬಡಪಾಯಿಗೆ ಮಕ್ಕಳ ಮಾತು ತಿಳಿಯದು, ಮಕ್ಕಳಿಗೆ ಅವರ ಮಾತು ತಿಳಿಯದು. ಕಳಿಸಿದವರನ್ನು ಕೇಳಬೇಕು: ಮರಾಠಿ ಶಾಲೆಗೆ ಕನ್ನಡ ಮಾತ್ರ ಬಲ್ಲ ಶಿಕ್ಷಕನನ್ನು ಕಳಿಸಿ, ಹುದ್ದೆ ತುಂಬಿತೆಂದು ಬರೆದುಕೊಳ್ಳುವಿರಾ?

ಉಳಿದ ಒಬ್ಬ ಕನ್ನಡ ಶಿಕ್ಷಕನ ಗತಿ ಕೇಳಿ. ನಾಲ್ಕು ತರಗತಿ ಒಂದೇ ಖೋಲಿಯಲ್ಲಿ. ಒಂದನೆಯವರಿಗೆ ಅಕ್ಷರ ತಿದ್ದಲು ಹಚ್ಚಿ ನಾಲ್ಕನೆಯವರ ಭಾಗಾಕಾರಕ್ಕೆ ತಿರುಗುವಷ್ಟರಲ್ಲಿ ಮಾಹಿತಿ ತುರ್ತಾಗಿ ಬೇಕೆಂದು ಫೋನು. ಮಧ್ಯಾಹ್ನದ ಊಟದ ಲೆಕ್ಕ, ಆನ್‌ಲೈನ್ ಹಾಜರಿ, ಮತದಾರರ ಯಾದಿ, ಸಭೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಅದೇ ಕಾಯ್ದೆಯ 27ನೆಯ ಕಲಮು ಹೇಳುತ್ತದೆ. ಇಬ್ಬರಿರುವಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಪಾಠ ಹೇಳಬಹುದು. ಒಬ್ಬರೇ ಇರುವಲ್ಲಿ ಶಿಕ್ಷಕ ಸಭೆಗೆ ಹೋದ ದಿನ ಶಾಲೆಗೆ ಅಘೋಷಿತ ರಜೆ.

ಮಕ್ಕಳೇ ಕಡಿಮೆಯಾಗುತ್ತಿದ್ದಾರೆ, ಶಿಕ್ಷಕರೇಕೆ ಬೇಕು ಎನ್ನುವವರಿದ್ದಾರೆ. ಬಾವಿಗೆ ಮಣ್ಣು ತುಂಬಿ, ನೀರಿಗೆ ಯಾರೂ ಬರುತ್ತಿಲ್ಲವಲ್ಲ ಎಂದು ಕೇಳಿದಂತಿದೆ ಇದು. ಪಾಠ ನಡೆಯದ ಶಾಲೆಯಿಂದ ಪಾಲಕರು ಮಕ್ಕಳನ್ನು ಬಿಡಿಸುತ್ತಾರೆ, ಸಂಖ್ಯೆ ಇಳಿಯುತ್ತದೆ, ಸಂಖ್ಯೆ ಇಳಿಯಿತೆಂದು ಹುದ್ದೆ ಕಡಿತವಾಗುತ್ತದೆ, ಹುದ್ದೆ ಹೋದ ಮೇಲೆ ಉಳಿದ ಮಕ್ಕಳೂ ಹೋಗುತ್ತಾರೆ. ಕನ್ನಡ ಶಾಲೆ ಮುಚ್ಚಲು ಆದೇಶವೇ ಬೇಕಿಲ್ಲ, ನಾಲ್ಕು ವರ್ಷ ಶಿಕ್ಷಕರನ್ನು ಕೊಡದಿದ್ದರೆ ಸಾಕು.

ಗಡಿಯ ವಿಚಾರ ಬೇರೆ. ಅಕ್ಕಲಕೋಟೆ, ಜತ್ತ ತಾಲೂಕುಗಳು ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ ವರದಿ ಕೊಟ್ಟದ್ದು 1967ರಲ್ಲಿ. ಆ ವರ್ಷ ಒಂದನೆಯ ತರಗತಿಗೆ ಬಂದ ಹುಡುಗ ಇಂದು ಮೊಮ್ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಾನೆ. ಗಡಿ ತೀರ್ಮಾನವಾಗಲಿ, ಆಗದಿರಲಿ, ಅವನ ಮೊಮ್ಮಗಳ ಪಾಠ ಕಾಯಲಾರದು. ಬೆಂಗಳೂರಿನವರು ನವೆಂಬರ್ 1ರಂದು ನಮ್ಮನ್ನು ನೆನೆಯುತ್ತಾರೆ, ಸಂತೋಷ. ಆದರೆ ಶಾಲೆ ತೆರೆಯುವುದು ಜೂನ್ ತಿಂಗಳಲ್ಲಿ.

ಆದ್ದರಿಂದ ಓದುಗರೇ, ಮರುಗಿ ಸುಮ್ಮನಾಗಬೇಡಿ. ನಿಮ್ಮೂರ ಶಾಲೆಯ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕೆಂಬುದು ಕಾಯ್ದೆ. ಮುಂದಿನ ಸಭೆಗೆ ಹೋಗಿ. ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಖಾಲಿ, ಇದ್ದವರಲ್ಲಿ ಕನ್ನಡದಲ್ಲಿ ಪಾಠ ಹೇಳಬಲ್ಲವರು ಎಷ್ಟು ಜನ ಎಂದು ಬರೆಸಿ ಠರಾವು ಮಾಡಿಸಿ. ಅದರೊಡನೆ ಲಿಖಿತ ದೂರನ್ನು ಜಿಲ್ಲಾ ಪರಿಷತ್ತಿಗೆ ಕೊಟ್ಟು ಪೋಚ್ ಪಡೆಯಿರಿ. 32ನೆಯ ಕಲಮಿನ ಪ್ರಕಾರ ಮೂರು ತಿಂಗಳೊಳಗೆ ಅದು ತೀರ್ಮಾನವಾಗಬೇಕು. ಆಗದಿದ್ದರೆ ರಾಜ್ಯದ ಬಾಲಹಕ್ಕು ಆಯೋಗವಿದೆ, 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿದ್ದಾರೆ.

ಶಿಕ್ಷಕ ಕೇಳಿದರೆ ಅದು ನೌಕರನ ಗೊಣಗಾಟವೆಂದು ಕಡತದಲ್ಲಿ ಮಲಗುತ್ತದೆ. ನೂರು ಪಾಲಕರು ಸಹಿ ಮಾಡಿ ಕೇಳಿದರೆ ಯಾರಾದರೊಬ್ಬರು ಉತ್ತರ ಬರೆಯಲೇಬೇಕಾಗುತ್ತದೆ. ಆ ಸಹಿಗಳಲ್ಲಿ ಮೊದಲನೆಯದು ನಿಮ್ಮದಾಗಲಿ, ಅದೂ ಕನ್ನಡದಲ್ಲಿ.