ಶಾಫ್ಟಿಗೆ ಥ್ರೆಡ್ ಹಾಕಿಸುವ ಮುನ್ನ

ಅರೇಬಿಕಾ ಕೊಯ್ಲಿನ ಭರದಲ್ಲಿ ಪಲ್ಪರಿನ ಶಾಫ್ಟ್ ಕೈಕೊಟ್ಟರೆ ಅಂದು ಕೊಯ್ದ ಹಣ್ಣು ರಾಶಿಯಲ್ಲೇ ಬಿಸಿಯೇರಿ ಹುಳಿಯುತ್ತದೆ. ಮೂಡಿಗೆರೆಗೋ ಕಳಸಕ್ಕೋ ಲೇತ್ ಹುಡುಕಿಕೊಂಡು ಓಡುತ್ತೇವೆ. ಅಲ್ಲಿ 12 ಮಿ.ಮೀ. ಥ್ರೆಡ್ಡಿಗೆ ಭರ್ತಿ 12 ಮಿ.ಮೀ. ಸರಳನ್ನೇ ಡೈಗೆ ಕೊಡುವ ರೂಢಿ ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ. ಡೈ ಕೊರೆಯುವಾಗ ಲೋಹ ತುಸು ಉಬ್ಬುತ್ತದೆ; ಡೈ ಬಿಗಿದು ಥ್ರೆಡ್ ಕಿತ್ತುಬರುತ್ತದೆ, ನಟ್ಟು ಕೂರುವುದಿಲ್ಲ. ಪಿಚ್ಚಿನ ಹತ್ತನೇ ಒಂದು ಪಾಲನ್ನು ಮೊದಲೇ ಕಳೆಯಬೇಕು. ಪಿಚ್ 1.75 ಇದ್ದರೆ ಸರಳು ಸುಮಾರು 11.8 ಮಿ.ಮೀ. ಇರಲಿ. ತುದಿಯನ್ನು ಸ್ವಲ್ಪ ಇಳಿಜಾರಾಗಿ ಅರೆದರೆ ಡೈ ನೇರ ಹಿಡಿಯುತ್ತದೆ.

ಹಳೆಯ ಯಂತ್ರಗಳಲ್ಲಿ ವಿಟ್‌ವರ್ತ್ ಥ್ರೆಡ್ ಇರುವುದುಂಟು. ಅರ್ಧ ಅಂಗುಲದ ಬೋಲ್ಟಿನಲ್ಲಿ ಅಂಗುಲಕ್ಕೆ 12 ಸುತ್ತು. ಆದ್ದರಿಂದ ಹಳೆಯ ನಟ್ಟನ್ನೂ ಒಯ್ಯಿರಿ. "ಅಷ್ಟೆಲ್ಲಾ ಯಾಕೆ ಗೌಡ್ರೇ" ಎಂದರೂ ಬಿಡದೆ ಅಳೆಸಿರಿ. ನಮ್ಮ ಸಂಘವು ಒಂದು ವರ್ನಿಯರ್ ಕ್ಯಾಲಿಪರ್ ತರಿಸಿಟ್ಟು ಸದಸ್ಯರಿಗೆ ಎರವಲು ಕೊಡಲಿ.