ನೀರಿಲ್ಲದ ಲೋಹಲೇಪನ: ಕೆಸರೆಯ ಕಡೆಯಿಂದ ಒಂದು ನೋಟ

ಮೈಸೂರಿನ ಉತ್ತರ ಭಾಗದ ಒಳಚರಂಡಿ ನೀರು ಇಳಿದು ಬರುವುದು ಕೆಸರೆಗೆ. ಅಲ್ಲಿರುವ ಸಂಸ್ಕರಣಾ ಘಟಕದ ಸಾಮರ್ಥ್ಯ ದಿನವೊಂದಕ್ಕೆ 3 ಕೋಟಿ ಲೀಟರ್. ಅದರಾಚೆಗಿನ ಇಳಿಜಾರು ಕಾವೇರಿಯತ್ತ. ಇಂತಹ ಘಟಕಗಳಲ್ಲಿ ಮುಖ್ಯ ದುಡಿಮೆ ಸೂಕ್ಷ್ಮಜೀವಿಗಳದು. ಮನೆಮನೆಯ ಕೊಳೆಯನ್ನು ಅವು ಅರಗಿಸಿಕೊಳ್ಳುತ್ತವೆ, ಆದರೆ ನಿಕಲ್ ಮತ್ತು ತಾಮ್ರವನ್ನು ಅರಗಿಸಲಾರವು. ಒಳಬಂದ ಲೋಹ ಒಂದೋ ರಾಡಿಯಲ್ಲಿ ಉಳಿಯುತ್ತದೆ, ಇಲ್ಲವೇ ನೀರಿನೊಡನೆ ಮುಂದೆ ಸಾಗುತ್ತದೆ. ಲೋಹಲೇಪನದ ಯಾವುದೇ ಹೊಸ ತಂತ್ರವನ್ನು ನಮ್ಮ ಉದ್ಯಮಿ ಬಾಂಧವರು ಕೆಸರೆಯ ಕಡೆ ನಿಂತು ಅಳೆಯಬೇಕೆಂಬುದು ನನ್ನ ಅಭಿಪ್ರಾಯ.

ವಿದ್ಯುತ್ ಹರಿಸದೆ, ರಾಸಾಯನಿಕ ಕ್ರಿಯೆಯಿಂದಲೇ ಲೋಹವನ್ನು ಕೂರಿಸುವ ವಿಧಾನಕ್ಕೆ ನಮ್ಮ ಕಾರ್ಖಾನೆಗಳಲ್ಲಿ ಎಲೆಕ್ಟ್ರೋಲೆಸ್ ಪ್ಲೇಟಿಂಗ್ ಎಂಬ ಹೆಸರೇ ರೂಢಿ. 1940ರ ದಶಕದಲ್ಲಿ ಅಮೆರಿಕದ ಬ್ರೆನರ್ ಮತ್ತು ರಿಡೆಲ್ ಇದನ್ನು ಉದ್ಯಮಕ್ಕೆ ಒಗ್ಗುವಂತೆ ರೂಪಿಸಿದರು. ಮೂಲೆ, ತೂತು, ತಿರುಪಿನ ಹಲ್ಲು ಎನ್ನದೆ ಎಲ್ಲೆಡೆ ಒಂದೇ ದಪ್ಪದ ಪದರ ಕೂರುವುದು ಇದರ ಹೆಗ್ಗಳಿಕೆ. ಕವಾಟ, ಪಂಪಿನ ಭಾಗಗಳಿಗೆ ನಿಕಲ್ ಪದರವಾದರೆ, ವಿದ್ಯುನ್ಮಂಡಲ ಫಲಕಗಳ ಸೂಕ್ಷ್ಮ ರಂಧ್ರಗಳ ಒಳಗೋಡೆಗೆ ತಾಮ್ರ. ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಸಂಸ್ಥೆ 1999ರಲ್ಲಿ ಕಾಲಿಟ್ಟಂದಿನಿಂದ ಈ ಫಲಕಗಳ ಉದ್ಯಮ ನಮ್ಮ ಭಾಗಕ್ಕೆ ಹೊಸತೇನಲ್ಲ.

ಆದರೆ ಈ ತೊಟ್ಟಿಗೆ ಆಯುಸ್ಸು ಕಡಿಮೆ. ಸುಮಾರು 90 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹೈಪೋಫಾಸ್ಫೈಟ್ ಲವಣವು ನಿಕಲನ್ನು ಇಳಿಸುತ್ತ ತಾನು ಆರ್ಥೋಫಾಸ್ಫೈಟ್ ಆಗಿ ಶೇಖರವಾಗುತ್ತದೆ. ಕೆಲವು ಆವರ್ತನಗಳಾದ ಮೇಲೆ ಇಡೀ ದ್ರಾವಣವನ್ನು ಬದಲಿಸಲೇಬೇಕು. ಹಾಗೆ ಹೊರಬರುವ ಲೀಟರಿನಲ್ಲಿ 5–6 ಗ್ರಾಂ ನಿಕಲ್ ಉಳಿದಿರುವುದುಂಟು. ಸಾರ್ವಜನಿಕ ಒಳಚರಂಡಿಗೆ ಬಿಡಲು ಕಾನೂನು ಒಪ್ಪುವ ಮಿತಿ ಲೀಟರಿಗೆ 3 ಮಿಲಿಗ್ರಾಂ. ಅಂದರೆ ಎರಡರ ನಡುವಿನ ಅಂತರ ಸುಮಾರು ಎರಡು ಸಾವಿರ ಪಟ್ಟು! ಸುಣ್ಣ ಹಾಕಿ ಲೋಹವನ್ನು ತಳಕ್ಕಿಳಿಸೋಣವೆಂದರೆ, ನಿಕಲನ್ನು ದ್ರಾವಣದಲ್ಲಿ ಹಿಡಿದಿಡಲೆಂದು ನಾವೇ ಬೆರೆಸಿದ ಸಾವಯವ ಆಮ್ಲಗಳು ಅದಕ್ಕೆ ಅಡ್ಡಬರುತ್ತವೆ.

ಇಲ್ಲಿಯೇ ಅಯಾನಿಕ ದ್ರವಗಳ ಮಾತು ಬರುತ್ತದೆ. ನೀರಿಲ್ಲದೆ ತಾನೇ ದ್ರವವಾಗಿರುವ ಲವಣಗಳಿವು. ಬ್ರಿಟನ್ನಿನ ಲೀಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಅಬಾಟ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಮಿಶ್ರಣವಂತೂ ಹಳ್ಳಿಯವರಿಗೂ ಪರಿಚಿತವಾದ ವಸ್ತುಗಳದ್ದು: ಕೋಳಿಯ ಆಹಾರಕ್ಕೆ ಸೇರಿಸುವ ಕೋಲೀನ್ ಕ್ಲೋರೈಡ್ ಒಂದು ಅಣುವಿಗೆ ಹೊಲದ ಯೂರಿಯಾ ಎರಡು ಅಣು. ಯೂರಿಯಾ ಒಂದೇ ಇದ್ದರೆ ಕರಗಲು 133 ಡಿಗ್ರಿ ಬೇಕು. ಈ ಮಿಶ್ರಣ 12 ಡಿಗ್ರಿಗೇ ಕರಗುತ್ತದೆ. (ಪಂಡಿತರು ಇದನ್ನು ಅಯಾನಿಕ ದ್ರವವೆನ್ನಲು ಒಪ್ಪದೆ ಬೇರೆ ಪಂಗಡಕ್ಕೆ ಸೇರಿಸುತ್ತಾರೆ. ವ್ಯಾಪಾರಸ್ಥರಿಗೆ ಆ ಜಗಳ ಬೇಡ.) ಯೂರಿಯಾ ಬದಲು ಎಥಿಲೀನ್ ಗ್ಲೈಕಾಲ್ ಬೆರೆಸಿದ ದ್ರವದಲ್ಲಿ ತಾಮ್ರದ ಮೇಲೆ ಬೆಳ್ಳಿಯ ಪದರವನ್ನು ವಿದ್ಯುತ್ತಿಲ್ಲದೆ, ಪಲ್ಲಾಡಿಯಂ ವೇಗವರ್ಧಕವಿಲ್ಲದೆ, ತೀಕ್ಷ್ಣ ಆಮ್ಲವಿಲ್ಲದೆ ಕೂರಿಸಬಹುದೆಂದು ಅದೇ ತಂಡ ತೋರಿಸಿತು. ನೀರಿನ ದ್ರಾವಣದಲ್ಲಿ ತಾಮ್ರ ಮುಚ್ಚಿಹೋದೊಡನೆ ನಿಂತುಬಿಡುವ ಪದರವು ಇಲ್ಲಿ ಬೆಳೆಯುತ್ತಲೇ ಹೋಯಿತು. ಫಲಕ ತಯಾರಕರಿಗೆ ಇದು ಸಣ್ಣ ಸಂಗತಿಯಲ್ಲ. 2006ರ ಜುಲೈ 1ರಿಂದ ಐರೋಪ್ಯ ಒಕ್ಕೂಟವು ಸೀಸವನ್ನು ನಿರ್ಬಂಧಿಸಿದ ಮೇಲೆ ಬೆಸುಗೆಗೆ ಒಪ್ಪುವ ಇಂತಹ ಪದರಗಳಿಗೆ ಬೇಡಿಕೆ ಹೆಚ್ಚಿದೆ.

ಇಷ್ಟಾದರೂ, ನೀರಿಲ್ಲದ ತೊಟ್ಟಿ ಬಂದರೆ ಕೆಸರೆಯ ಹೊರೆ ತಾನಾಗಿ ಇಳಿಯುತ್ತದೆಂಬ ಮಾತನ್ನು ನಾನು ಒಪ್ಪಲಾರೆ. ಕೋಣೆಯ ಉಷ್ಣಾಂಶದಲ್ಲಿ ಯೂರಿಯಾ ಮಿಶ್ರಣದ ಸ್ನಿಗ್ಧತೆ ನೀರಿಗಿಂತ ನೂರಾರು ಪಟ್ಟು, ಗ್ಲೈಕಾಲ್ ಮಿಶ್ರಣದ್ದು ಹತ್ತಾರು ಪಟ್ಟು ಹೆಚ್ಚು. ತೊಟ್ಟಿಯಿಂದ ಮೇಲೆತ್ತಿದ ಬಿಡಿಭಾಗಕ್ಕೆ ಜೇನಿನಂತೆ ಅಂಟಿಕೊಂಡು ಬರುವ ಈ ದ್ರವವನ್ನು ಕಡೆಗೆ ತೊಳೆಯುವುದು ನೀರಿನಿಂದಲೇ. ಆ ತೊಳೆನೀರಿನಲ್ಲಿ ಲೋಹವೂ ಇರುತ್ತದೆ, ಗ್ಲೈಕಾಲೂ ಇರುತ್ತದೆ. ತೊಟ್ಟಿ ನೀರಿಲ್ಲದ್ದಾದರೂ ಅದರ ಪಕ್ಕದ ಮೋರಿ ಹಾಗಿರುವುದಿಲ್ಲ. ಜೊತೆಗೆ ಈ ದ್ರವಗಳು ಗಾಳಿಯ ತೇವವನ್ನು ಹೀರುತ್ತವೆ. ನಮ್ಮ ಮಳೆಗಾಲದಲ್ಲಿ ಅವುಗಳ ಗುಣ ವಾರದಿಂದ ವಾರಕ್ಕೆ ಬದಲಾದೀತು. ಫ್ಲೋರಿನ್‌ಯುಕ್ತ ದುಬಾರಿ ಅಯಾನಿಕ ದ್ರವಗಳ ಗೋಜಿಗಂತೂ ಸಣ್ಣ ಉದ್ಯಮಿ ಹೋಗಬಾರದು. ಅವುಗಳಲ್ಲಿ ಕೆಲವು ತೇವ ತಗುಲಿದಾಗ ಹೈಡ್ರೋಜನ್ ಫ್ಲೋರೈಡ್ ಬಿಡುತ್ತವೆ.

ಆದ್ದರಿಂದ ಮಾರಾಟಗಾರರು ತರುವ 'ಹಸಿರು ದ್ರಾವಕ'ದ ಕರಪತ್ರವನ್ನು ಓದುವಾಗ ಸದಸ್ಯರು ಕೇಳಬೇಕಾದುದು ಒಂದೇ ಲೆಕ್ಕ: ಒಂದು ಚದರ ಮೀಟರ್ ಲೇಪನಕ್ಕೆ ತೊಳೆನೀರಿನೊಡನೆ ಹೊರಹೋಗುವ ಲೋಹವೆಷ್ಟು, ದ್ರಾವಕವೆಷ್ಟು? ಈ ಲೆಕ್ಕ ಕೊಡದವರಿಂದ ಕೊಳ್ಳಬೇಕಾಗಿಲ್ಲ. ಅದಕ್ಕೂ ಮೊದಲು, ಇರುವ ತೊಟ್ಟಿಗಳಲ್ಲೇ ಬಿಡಿಭಾಗವನ್ನು ಅರ್ಧ ನಿಮಿಷ ಹೆಚ್ಚು ತೊಟ್ಟಿಕ್ಕಲು ಬಿಡುವುದಕ್ಕೂ, ಎದುರುಹರಿವಿನ ಎರಡು–ಮೂರು ತೊಳೆತೊಟ್ಟಿಗಳನ್ನು ಇಡುವುದಕ್ಕೂ ಯಾವ ಅಯಾನಿಕ ದ್ರವವೂ ಬೇಕಿಲ್ಲ.

ಪ್ರಯೋಗವೇ ಬೇಡವೆಂದು ನಾನು ಹೇಳುತ್ತಿಲ್ಲ. ಬಿಡಿ ಘಟಕವೊಂದು ಈ ಗಂಡಾಂತರವನ್ನು ಒಬ್ಬಂಟಿಯಾಗಿ ಹೊರಲಾರದು. ಕೇಂದ್ರ ಸರ್ಕಾರದ ಕಿರು ಮತ್ತು ಸಣ್ಣ ಉದ್ಯಮಗಳ ಸಮೂಹಾಭಿವೃದ್ಧಿ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವಿದೆ. ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆಯೂ ನಮಗೆ ದೂರವೇನಲ್ಲ. ಇನ್ನೂರು ಲೀಟರಿನ ಒಂದೇ ಒಂದು ಬೆಳ್ಳಿ ತೊಟ್ಟಿಯನ್ನು ನಮ್ಮ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಒಂದು ಪೂರ್ತಿ ವರ್ಷ, ಮಳೆಗಾಲವೂ ಸೇರಿದಂತೆ ನಡೆಸಿ, ತೊಳೆನೀರಿನ ಪರೀಕ್ಷಾ ವರದಿಯನ್ನು ಪ್ರತಿ ತಿಂಗಳೂ ಇದೇ ಪತ್ರಿಕೆಯಲ್ಲಿ ಅಚ್ಚು ಹಾಕಿಸೋಣ. ಮುಂದಿನ ಕಾರ್ಯಕಾರಿ ಸಭೆಯ ಮುಂದೆ ಈ ಪ್ರಸ್ತಾವವನ್ನು ಇಡಬೇಕೆಂದು ಪದಾಧಿಕಾರಿಗಳನ್ನು ಕೋರುತ್ತೇನೆ.