ಅಕ್ಕಿಕಾಳು ಎಲ್ಲಿ ಬೀಳಬೇಕು?

ಹುಬ್ಬಳ್ಳಿಯ ಕೇಶ್ವಾಪುರದಂಥ ಬಡಾವಣೆಗಳಲ್ಲಿ ಮದುವೆ ನಿಶ್ಚಯವಾದ ಮನೆಯೊಳಗೆ ಈಚೆಗೆ ಜಾಗದ ಮಾತೇ ದೊಡ್ಡದಾಗುತ್ತಿದೆ. ಕುಸುಗಲ್ ರಸ್ತೆಯ ಯಾವುದಾದರೊಂದು ಕಲ್ಯಾಣ ಮಂಟಪ ಹಿಡಿದು ಬಂಧುಬಳಗಕ್ಕೆಲ್ಲ ಊಟ ಹಾಕೋಣ ಎಂಬುದು ಹಿರಿಯರ ಮಾತು. ಗೋವಾ, ದಾಂಡೇಲಿ ಅಥವಾ ಹಂಪಿ ಕಡೆಯ ರೆಸಾರ್ಟಿನಲ್ಲಿ ನೂರು ಮಂದಿಯ ನಡುವೆ ಮುಗಿಸೋಣ ಎಂಬುದು ಮಕ್ಕಳ ಮಾತು. ಎರಡರಲ್ಲೂ ಹುರುಳಿದೆ.

ಮಕ್ಕಳ ವಾದವನ್ನು ಬರಿಯ ಶೋಕಿ ಎಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಮಂಟಪದ ಮದುವೆಯಲ್ಲಿ ವಧೂವರರು ತಾಸುಗಟ್ಟಲೆ ವೇದಿಕೆಯ ಮೇಲೆ ನಿಂತಿರುತ್ತಾರೆ. ಸಾಲಿನಲ್ಲಿ ಬಂದವರು ಪಾಕೀಟು ಕೊಟ್ಟು, ಫೋಟೊಗೆ ನಿಂತು, ಆ ಕಡೆಯ ಮೆಟ್ಟಿಲಿಳಿದು ನೇರ ಪಂಕ್ತಿಗೆ ಹೋಗುತ್ತಾರೆ. ಯಾರು ಬಂದರೆಂಬುದು ರಾತ್ರಿ ಆಯೇರದ ಪಟ್ಟಿ ಓದಿದಾಗಲೇ ಗೊತ್ತಾಗುವುದು. ವಧುವಿನ ತಾಯಿಯಂತೂ ಉಗ್ರಾಣದ ಕೀಲಿ, ಭಟ್ಟರ ಕರೆ, ಬೀಗರ ಮುನಿಸುಗಳ ನಡುವೆ ಮಗಳ ಮೇಲೆ ಅಕ್ಕಿಕಾಳು ಬೀಳುವುದನ್ನು ಕಣ್ತುಂಬ ನೋಡಿದರೆ ಪುಣ್ಯ. ರೆಸಾರ್ಟಿನಲ್ಲಿ ಎರಡು ದಿನ ಎರಡೂ ಮನೆಯವರು ಒಟ್ಟಿಗೆ ಚಹಾ ಕುಡಿಯುತ್ತ ಕೂಡುತ್ತಾರೆ. ಸಂಬಂಧ ಬೆಸೆಯಲು ಇದು ಕಡಿಮೆ ಅನುಕೂಲವೇನಲ್ಲ.

ಆದರೆ ನಮ್ಮ ಕಡೆ ಮದುವೆಯೆಂದರೆ ಮುಯ್ಯಿ ತೀರಿಸುವ ಕಾರ್ಯವೂ ಹೌದು. ಮೂವತ್ತು ವರ್ಷ ಇನ್ನೊಬ್ಬರ ಮಕ್ಕಳಿಗೆ ಅಕ್ಕಿಕಾಳು ಹಾಕಿ ಉಂಡು ಬಂದವರು ತಮ್ಮ ಸರದಿ ಬಂದಾಗ ಬಾಗಿಲು ಹಾಕಿಕೊಂಡರೆ ಓಣಿಯವರು ಏನೆಂದುಕೊಳ್ಳಬೇಕು? ಪಟ್ಟಿಯನ್ನು ನೂರಕ್ಕೆ ಇಳಿಸುವಾಗ ಮೊದಲು ಹೋಗುವ ಹೆಸರುಗಳು ಯಾರವೆಂದು ಗಮನಿಸಬೇಕು: ಹಳ್ಳಿಯ ದಾಯಾದಿಗಳು, ಎರಡು ದಿನದ ಕೂಲಿ ಬಿಡಲಾಗದವರು, ಮೊಣಕಾಲು ನೋವಿನ ಅಜ್ಜಿ. ಹಿರಿಯರ ವಾದದ ಗಟ್ಟಿ ನೆಲೆ ಇದೇ. ಹಂದರಗಂಬ, ಐರಾಣಿ ಗಡಿಗೆಗಳ ಶಾಸ್ತ್ರವನ್ನು ಮನೆಯಲ್ಲೇ ಮುಗಿಸಿ ಹೊರಡಬಹುದು. ಮಂದಿಯನ್ನು ಹಾಗೆ ಮುಗಿಸಲಾಗದು.

ಊರು ಬಿಟ್ಟು ಮದುವೆಯಾಗುವುದು ಹೊಸದೇನಲ್ಲವೆಂದು ಮಕ್ಕಳು ಉತ್ತರಿಸಬಹುದು. ತಿರುಪತಿಗೆ ಹರಕೆ ಹೊತ್ತವರು ಅಲ್ಲಿಯೇ ತಾಳಿ ಕಟ್ಟಿಸಿದ್ದುಂಟು. ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹಗಳು ನಡೆದಿವೆ. ಸರಿ, ಆದರೆ ಸಾಮೂಹಿಕ ವಿವಾಹಕ್ಕೆ ಜನ ಹೋದದ್ದು ಖರ್ಚು ತಪ್ಪಿಸಲು. ರೆಸಾರ್ಟಿನ ಲೆಕ್ಕ ಬೇರೆ. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗೆ ಶೇ. 18 ಜಿಎಸ್‌ಟಿ. ಹೊರಗಿನ ಅಡುಗೆಯವರನ್ನು ಹಲವೆಡೆ ಒಳಗೆ ಬಿಡುವುದಿಲ್ಲ; ಗೋದಿ ಹುಗ್ಗಿ, ರೊಟ್ಟಿ, ಎಣ್ಣೆಗಾಯಿ ಬೇಕೆಂದರೂ ಅವರ ತಟ್ಟೆಯ ದರವೇ ದರ. ಸಾವಿರ ಮಂದಿಯ ಊಟವೂ ಅಗ್ಗವಲ್ಲ, ಒಪ್ಪೋಣ. ಆದರೂ ವರನ ಕಡೆಯವರು ಬಯಸಿದ ರೆಸಾರ್ಟಿಗೆ ವಧುವಿನ ತಂದೆ ಸಾಲ ಮಾಡುವುದಾದರೆ ಅದನ್ನು ವರದಕ್ಷಿಣೆಗಿಂತ ಬೇರೆ ಎನ್ನುವುದು ನನಗಂತೂ ಕಷ್ಟ.

ಯೋಜನೆ ಎಡವುವುದು ಬಹುಮಟ್ಟಿಗೆ ಪಂಚಾಂಗದಲ್ಲಿ. ಗೋವಾ ಕಳೆಗಟ್ಟುವ ಕ್ರಿಸ್‌ಮಸ್, ಹೊಸ ವರ್ಷದ ದಿನಗಳು ನಮಗೆ ಧನುರ್ಮಾಸ, ಮುಹೂರ್ತವಿಲ್ಲ. ಮುಹೂರ್ತ ಸಿಗುವ ವೈಶಾಖದಲ್ಲಿ ಕಡಲತೀರದ ಸೆಕೆಗೆ ರೇಷ್ಮೆ ಸೀರೆ ಮೈಗಂಟುತ್ತದೆ. ಜೂನ್ ಬಂದರೆ ಮಳೆ. ಉಳಿಯುವುದು ತುಳಸಿ ಲಗ್ನದಿಂದ ಡಿಸೆಂಬರ್ ನಡುವಿನವರೆಗೆ, ಮತ್ತೆ ಮಾಘ, ಫಾಲ್ಗುಣ. ಆ ದಿನಗಳ ಮೇಲೆ ಇಡೀ ದೇಶದ ಕಣ್ಣಿರುತ್ತದೆ. ಹಂಪಿಯೆಂದರೆ ಕಲ್ಲಿನ ಮಂಟಪದಲ್ಲೇ ಮದುವೆ ಎಂದುಕೊಂಡವರಿಗೆ ಇನ್ನೊಂದು ಮಾತು: ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಸಮಾರಂಭ ಮಾಡುವಂತಿಲ್ಲ. ಬಯಲಿನಲ್ಲಿ ಧ್ವನಿವರ್ಧಕವೂ ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ನಿಲ್ಲಬೇಕು.

ಎಲ್ಲ ಮನೆಗೂ ಒಂದೇ ತೀರ್ಪು ಹೊಂದದು. ಮಕ್ಕಳು, ಬಳಗ ಬೆಂಗಳೂರು, ಪುಣೆ, ಹೊರದೇಶಗಳಿಗೆ ಹಂಚಿಹೋದ ಮನೆಗೆ ಕೇಶ್ವಾಪುರವೂ ಪ್ರಯಾಣದ ಊರೇ. ಅಂಥವರು ಗೋವಾದಲ್ಲಿ ಸೇರಿದರೆ ತಪ್ಪು ಹುಡುಕುವುದು ಸಲ್ಲ. ಉಳಿದವರು ಕೋಣೆ ಕಾಯ್ದಿರಿಸುವ ಮೊದಲು ಪಟ್ಟಿ ಬರೆಯಲಿ, ಯಾರು ಎಷ್ಟು ಕೊಡುವರೆಂದು ಎರಡೂ ಕಡೆಯವರು ಕೂತು ಮಾತಾಡಲಿ. ಈಗಿನ ರೂಢಿ ಅಕ್ಕಿಕಾಳು ಹೊರಗೆ, ಆಮೇಲೆ ಊರಲ್ಲಿ ರಿಸೆಪ್ಶನ್. ಇದನ್ನು ತಿರುವಿಹಾಕುವುದು ಮೇಲೆಂದು ನನಗೆ ತೋರುತ್ತದೆ. ಬೆಳಗಿನ ಮುಹೂರ್ತ, ಒಂದೇ ಊಟ, ವೇದಿಕೆಯ ಸಾಲಿಲ್ಲದ ಮದುವೆ ಊರಲ್ಲೇ ಆಗಲಿ. ಉಳಿದ ದುಡ್ಡಿನಲ್ಲಿ ಎರಡೂ ಮನೆಯವರು ಸುಮಾರು 75 ಕಿ.ಮೀ. ದೂರದ ದಾಂಡೇಲಿಗೆ ಹೋಗಿ ಎರಡು ದಿನ ಇದ್ದು ಬರಲಿ. ಎರಡು ಕಡೆ ಖರ್ಚಾಗುತ್ತದೆಂಬ ಆಕ್ಷೇಪ ನಿಜ. ಊರಿನ ಕಾರ್ಯದಿಂದ ಸಂಜೆಯ ಸಮಾರಂಭವನ್ನು ಕೈಬಿಡಲು ಹಿರಿಯರು ಒಪ್ಪಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ.